ಊಟದ ತಟ್ಟೆಯಿಂದ ಕಾರು ಓಡಿಸಿದವನ ಭಾವನ ಅಹವಾಲು

'ಪರಮಾನಂದ ಪರಿಮಳ' ಎಂಬ ಪುಡಿಯ ತಯಾರಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಎಲ್ಲಿದ್ದರೂ, ಯಾವ ಹೆಸರಿನಲ್ಲಿದ್ದರೂ, ಯಾರ ಕೈಗೂ ಸಿಗದಷ್ಟು ಕ್ಷೇಮವಾಗಿದ್ದೀರೆಂದು ನಂಬಿ, ಡ್ರೈವಿಂಗ್ ಸ್ಕೂಲ್ ನಡೆಸಿ ಹೊಟ್ಟೆ ಹೊರೆಯುವ ನಾನು ಮಾಡುವ ಸಾವಿರ ನಮಸ್ಕಾರಗಳು. ಈ ಪತ್ರವನ್ನು ಲಕೋಟೆಯಲ್ಲಿಟ್ಟು ತಮ್ಮ ಕಚೇರಿಗೇ ಕಳಿಸುವುದು ಮರ್ಯಾದೆಯಾಗಿತ್ತು. ಆದರೆ ತಮ್ಮ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಏರಿಸಿ, ಕೊನೆಗೆ ಒಳಗಿನ ಬೆಳ್ಳಿ ಹಾಳೆಯನ್ನೂ ಬಿಡಿಸಿ ಹುಡುಕಿದರೂ ವಿಳಾಸ ಸಿಗಲಿಲ್ಲ. ಇಷ್ಟು ದೊಡ್ಡ ಸಾಧನೆ ಮಾಡಿಯೂ ಹೆಸರು ಹೇಳಿಕೊಳ್ಳದ ತಮ್ಮ ಸಂಕೋಚ ಯಾರಿಗುಂಟು? ಊರೆಲ್ಲ ಓದಲಿ, ಓದುವವರಲ್ಲಿ ತಾವೂ ಒಬ್ಬರಿರಬಹುದು ಎಂಬ ಆಸೆಯಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಪ್ಯಾಕೆಟ್ಟಿನ ಮೇಲೆ ನಗುವ ಸೂರ್ಯನ ಚಿತ್ರವಿದೆ, ಅದರ ಕೆಳಗೆ 'ಅಪ್ಪಟ ನೈಸರ್ಗಿಕ' ಎಂದಿದೆ, ಅದರ ಕೆಳಗೆ ಇರುವೆಗಳು ಮಾತ್ರ ಓದಬಲ್ಲ ಅಕ್ಷರಗಳಲ್ಲಿ 'ಕೋಣೆಯ ಸುವಾಸನೆಗೆ ಮಾತ್ರ, ಸೇವನೆಗಲ್ಲ' ಎಂದಿದೆ. ನನ್ನ ಭಾಮೈದ, ಅಂದರೆ ನನ್ನ ಹೆಂಡತಿಯ ಒಬ್ಬನೇ ತಮ್ಮ, ನಮ್ಮ ಸ್ಕೂಲಿನಲ್ಲೇ ಕಾರು ಕಲಿಸುವವನು, ಸೂರ್ಯನವರೆಗೆ ಓದಿ ನಿಲ್ಲಿಸಿದ್ದಾನೆ. ಯಾವುದೋ ಒಣ ಎಲೆಯ ಮೇಲೆ ಯಾವುದೋ ರಾಸಾಯನಿಕ ಸಿಂಪಡಿಸಿ ತಾವು ತಯಾರಿಸುವ ಈ ಕೃತಕ ಗಾಂಜಾ, ಗಾಂಜಾ ಗಿಡದ ಮುಖವನ್ನೇ ಕಂಡಿಲ್ಲವೆಂಬುದು ಆ ಬಡಪಾಯಿಗೆ ಗೊತ್ತಿರಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಅತ್ತೆಯವರ ಹುಟ್ಟುಹಬ್ಬದ ಊಟವಿತ್ತು. ಭಾಮೈದ ತಾರಸಿಯ ಮೇಲೆ ಗೆಳೆಯರ ಜೊತೆ ಸ್ವಲ್ಪ ಬಿಯರು ಕುಡಿದು, ಅದು ಒಂಟಿಯಾಗಿ ಬೇಸರಪಟ್ಟೀತೆಂದು ತಮ್ಮ ಪುಡಿಯನ್ನೂ ಸೇದಿ, ಊಟದ ತಟ್ಟೆ ಹಿಡಿದುಕೊಂಡೇ ಮೆಟ್ಟಿಲಿಳಿದು ಅಂಗಳಕ್ಕೆ ಬಂದ. ಅಲ್ಲಿ ನಮ್ಮ ತರಬೇತಿ ಕಾರು ನಿಂತಿತ್ತು. ತಮಗೆ ಪುಡಿಯ ವಿಷಯ ಬಿಟ್ಟು ಬೇರೆ ಗೊತ್ತಿರಲಾರದೆಂದು ವಿವರಿಸುತ್ತೇನೆ: ಇಂಥ ಕಾರಿನಲ್ಲಿ ಸ್ಟೀರಿಂಗ್ ಇರುವುದು ಕಲಿಯುವವರ ಮುಂದೆ, ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲಡಿಗೆ ಒಂದು ಬ್ರೇಕು, ಒಂದು ಕ್ಲಚ್ಚು ಮಾತ್ರ. ವರ್ಷಗಟ್ಟಲೆ ಕಲಿಸಿದವನ ಮೈಗೆ ಹತ್ತಿದ ಅಭ್ಯಾಸ ನೋಡಿ, ತಲೆ ಕೆಲಸ ನಿಲ್ಲಿಸಿದ್ದರೂ ಕಾಲು ಅವನನ್ನು ನೇರ ಮೇಷ್ಟ್ರ ಸೀಟಿಗೇ ಕರೆದೊಯ್ದು ಕೂರಿಸಿತು.

ಮಾನ್ಯರೇ, ಆಮೇಲೆ ನಡೆದ ಪ್ರಯಾಣವನ್ನು ತಾವು ನೋಡಬೇಕಿತ್ತು. ಎದುರಿಗೆ ಸ್ಟೀರಿಂಗ್ ಇಲ್ಲದ್ದು ಅವನಿಗೆ ಒಂದು ಕೊರತೆಯಾಗಿಯೇ ತೋರದೆ, ಊಟದ ತಟ್ಟೆಯನ್ನೇ ಎರಡೂ ಕೈಯಲ್ಲಿ ಹಿಡಿದು, ನಿಂತ ಕಾರನ್ನು ಓಡಿಸತೊಡಗಿದ. ತಿರುವು ಬಂದಾಗಲೆಲ್ಲ ತಟ್ಟೆ ತಿರುಗಿತು, ತಟ್ಟೆ ತಿರುಗಿದಾಗಲೆಲ್ಲ ಉಳಿದ ಊಟ ತೊಡೆಯ ಮೇಲೆ ಇಳಿಯಿತು. ಒಣಹಾಕಿದ್ದ ಲುಂಗಿಗೆ ದಾರಿ ಬಿಟ್ಟುಕೊಟ್ಟ. ಕಾಂಪೌಂಡಿನ ಮೇಲಿನ ಬೆಕ್ಕನ್ನು ಟ್ರಾಫಿಕ್ ಪೊಲೀಸರೆಂದು ತಿಳಿದು ಸಲಾಮು ಹೊಡೆದ. ಹಿಂದಿನಿಂದ ಬಂದು ತನ್ನನ್ನು ದಾಟಿಹೋಯಿತೆಂದು ನೀರಿನ ಡ್ರಮ್ಮನ್ನು ಬಾಯಿಗೆ ಬಂದಂತೆ ಬೈದ. ಇಷ್ಟು ಜವಾಬ್ದಾರಿಯಿಂದ ಅವನು ಕಾರು ಓಡಿಸಿದ್ದನ್ನು ನಾನು ಕಂಡೇ ಇರಲಿಲ್ಲ. ಒಟ್ಟಿನಲ್ಲಿ ಊರು ದಾಟಿದ್ದಾಯಿತೆಂದು ಅವನ ನಂಬಿಕೆ, "ಭಾವ, ಗಾಳಿ ಎಷ್ಟು ಚೆನ್ನಾಗ್ ಬರ್ತಾ ಇದೆ ನೋಡಿ!" ಎಂದು ಮುಚ್ಚಿದ ಗಾಜಿನೊಳಗಿಂದ ಕೂಗಿದ.

ನಾವೆಲ್ಲ ಅಡುಗೆಮನೆಯ ಕಿಟಕಿಗೆ ಅಂಟಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆವು. ಅತ್ತೆಯವರಂತೂ ಹುಟ್ಟುಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಡವೆಂದರು. ನಾನು ಮೊಬೈಲು ತೆಗೆದು ವಿಡಿಯೊ ಮಾಡುತ್ತಿದ್ದೆ. ಆಗ ಮೊಬೈಲಿನ ಪರದೆಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಎರಡು ಜಡೆ ಕಂಡವು.

ನನ್ನ ಮಗಳು. ಐಸ್‌ಕ್ರೀಮ್ ಕೊಡಿಸುತ್ತೇನೆಂದು ಮಾಮ ಬೆಳಿಗ್ಗೆ ಮಾತು ಕೊಟ್ಟಿದ್ದನಂತೆ. ಆಕೆ ಹೋಗಿ, ಅಪ್ಪ ಹೇಳಿಕೊಟ್ಟಂತೆ ಬೆಲ್ಟು ಹಾಕಿಕೊಂಡು ಕೂತಿದ್ದಳು. ಕೀ ಕಾರಿನಲ್ಲೇ ಇತ್ತು. ಗೇಟು ತೆರೆದಿತ್ತು, ಗೇಟಿನಾಚೆ ಇಳಿಜಾರು ರಸ್ತೆ. ಅಷ್ಟರಲ್ಲಿ ಭಾಮೈದನಿಗೆ ಏನೋ ಹೊಳೆದು, "ಈ ಸೀಟ್ ಸರಿ ಇಲ್ಲ ಪುಟ್ಟಿ, ಆ ಕಡೆ ಕೂರ್ತೀನಿ" ಎಂದು ಸ್ಟೀರಿಂಗ್ ಇರುವ ಸೀಟಿಗೆ ಒಂದು ಕಾಲು ಹಾಕಿದ್ದ. ನಾನು ಬಾಗಿಲು ಹುಡುಕದೆ ಕಿಟಕಿಯಿಂದಲೇ ಹಾರಿದೆ. ಕೀ ಕಿತ್ತು ಜೇಬಿಗೆ ಹಾಕಿ, ಮಗಳ ಬೆಲ್ಟು ಬಿಚ್ಚಿ ಎತ್ತಿಕೊಂಡೆ. ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಪಕ್ಕದ ಮನೆಯ ಪೊಲೀಸಪ್ಪ ಊದುವ ಯಂತ್ರ ತಂದು ಇವನ ಬಾಯಿಗೆ ಹಿಡಿದರು. ತಮ್ಮ ಕೀರ್ತಿಗೆ ಇನ್ನೊಂದು ಗರಿ: ಇವನು ಪಾಸಾದ! ಯಂತ್ರಕ್ಕೆ ಅಷ್ಟಿಷ್ಟು ಬಿಯರಿನ ವಾಸನೆ ಹತ್ತಿತೇ ಹೊರತು ತಮ್ಮ ಪುಡಿಯ ಸುಳಿವೇ ಹತ್ತಲಿಲ್ಲ. ಎದೆ ಡವಗುಟ್ಟುತ್ತಿದೆಯೆಂದು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು: ಕುಡಿತ ಕೈಕಾಲನ್ನು ನಿಧಾನ ಮಾಡುತ್ತದೆ, ಈ ಪುಡಿ ದೂರ, ವೇಗ, ಹೊತ್ತು ಎಲ್ಲದರ ಲೆಕ್ಕ ತಪ್ಪಿಸುತ್ತದೆ, ಎರಡೂ ಸೇರಿದರೆ ಒಂದರ ತಪ್ಪನ್ನು ತಿದ್ದಿಕೊಳ್ಳಲು ಇನ್ನೊಂದು ಬಿಡುವುದಿಲ್ಲ, ಒಂದು ಪ್ಯಾಕೆಟ್ಟಿನಲ್ಲಿರುವ ವಿಷ ಇನ್ನೊಂದರಲ್ಲಿ ಎಷ್ಟಿರುತ್ತದೆಂದು ಮಾಡಿದವರಿಗೂ ತಿಳಿದಿರುವುದಿಲ್ಲ. ಎಲ್ಲಕ್ಕಿಂತ ಸೊಗಸೆಂದರೆ, ತಾನು ಬಹಳ ಹುಷಾರಾಗಿ ಓಡಿಸುತ್ತಿದ್ದೇನೆಂದು ಅವನಿಗೆ ಅನ್ನಿಸುತ್ತಲೇ ಇರುತ್ತದಂತೆ.

ಆದ್ದರಿಂದ ತಮ್ಮಲ್ಲಿ ಕೆಲವು ನಮ್ರ ಬೇಡಿಕೆಗಳು. ತಮ್ಮ ಗಿರಾಕಿ ಓಲಾಡಿದತ್ತ ತಾನೂ ಓಲಾಡುವ ರಸ್ತೆಯೊಂದನ್ನು ಬೇಗನೆ ತಯಾರಿಸಿ. ರಸ್ತೆಬದಿಯ ಮರಗಳಿಗೆ ಚಕ್ರ ಹಾಕಿಸಿದರೆ, ಕಾರು ಬರುವುದನ್ನು ಕಂಡು ಅವೇ ಪಕ್ಕಕ್ಕೆ ಸರಿದುಕೊಂಡಾವು. ನಡೆದು ಹೋಗುವವರನ್ನು ರಬ್ಬರಿನಿಂದ ಮಾಡಲು ಸಾಧ್ಯವೇ ಎಂದು ತಮ್ಮ ವಿಜ್ಞಾನಿಗಳನ್ನು ಕೇಳಿ ನೋಡಿ. ಇದೆಲ್ಲ ತಡವಾಗುವುದಾದರೆ, ಸದ್ಯಕ್ಕೆ ಪ್ರತಿ ಪ್ಯಾಕೆಟ್ಟಿನ ಜೊತೆ ಒಂದು ಊಟದ ತಟ್ಟೆಯನ್ನು ಉಚಿತವಾಗಿ ಕೊಡಿ. ತಮ್ಮ ಗಿರಾಕಿಗಳೆಲ್ಲ ಅವರವರ ಅಂಗಳದಲ್ಲೇ ಕೂತು ಅದನ್ನು ತಿರುಗಿಸುತ್ತ ದೇಶ ಸುತ್ತಿ ಬರಲಿ. ನಮ್ಮವನ ತಟ್ಟೆ ಸ್ವಲ್ಪ ನೆಗ್ಗಿದೆ, ಮಾದರಿಗೆ ಬೇಕಿದ್ದರೆ ಕಳಿಸಿಕೊಡುತ್ತೇನೆ. ಭಾಮೈದ ಈಗ ಎದ್ದು ಓಡಾಡುತ್ತಿದ್ದಾನೆ, ವಿಡಿಯೊವನ್ನೂ ನೋಡಿದ್ದಾನೆ. ಅವನಿಗೆ ನಾನಿನ್ನೂ ಕೀ ಕೊಟ್ಟಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ಸಿಗ್ನಲ್ಲುಗಳ ಪಾಠ ಮಾಡುತ್ತಿದ್ದಾನೆ.

ತಮ್ಮ ವ್ಯಾಪಾರಕ್ಕೆ ಆದಷ್ಟು ಬೇಗ ಬೀಗ ಬೀಳಲೆಂದು ಮನಸಾರೆ ಹಾರೈಸುವ,

ತಮ್ಮ ವಿಶ್ವಾಸಿ,
ಕಿಟಕಿಯಿಂದ ಹಾರಿ ಮಂಡಿ ತರಚಿಕೊಂಡ ಡ್ರೈವಿಂಗ್ ಮೇಷ್ಟ್ರು

ವಿ.ಸೂ.: ತಮಗೂ ಮಕ್ಕಳಿರಬಹುದು. ಅವರಿಗೆ ಕಾರು ಕಲಿಸುವ ಮನಸ್ಸಿದ್ದರೆ ಖಂಡಿತ ನಮ್ಮಲ್ಲಿಗೇ ಕಳಿಸಿ, ಭಾಮೈದನಿಗೆ ಅವತ್ತೊಂದು ದಿನ ಕೀ ಕೊಡುತ್ತೇನೆ. ತಮ್ಮ ಮಗು ಕಾರಿನಲ್ಲಿ ಕೂತಾಗ ಅವನು ತಮ್ಮ ಪುಡಿ ಸೇದಿ ಬರಬೇಕೋ, ಸೇದದೆ ಬರಬೇಕೋ ಎಂಬುದನ್ನು ಮಾತ್ರ ಮೊದಲೇ ಬರೆದು ತಿಳಿಸಿ. ಈ ಸಲ ವಿಳಾಸ ಹಾಕಲು ಮರೆಯಬೇಡಿ.