ಔಷಧಿಗೆ ಕೊಸರಿಲ್ಲ

ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಬೆಳಿಗ್ಗೆ ಒಂಬತ್ತಕ್ಕೆ ಖಾಲಿ ಬಾಟಲಿ ಹಿಡಿದುಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತವೆ.

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಡಾಕ್ಟರೊಬ್ಬರ ಶಾಪಿನಲ್ಲಿ ಕಾಂಪೌಂಡರ್ ಆದೆ. ಓದಿ ಆದವನಲ್ಲ, ಅನುಭವದಿಂದ ಆದವನೂ ಅಲ್ಲ. ಅದಕ್ಕೆ ಮುಂಚೆ ಹನ್ನೊಂದು ವರ್ಷ ಮಾಗಡಿ ರಸ್ತೆಯ ಒಂದು ದಿನಸಿ ಅಂಗಡಿಯಲ್ಲಿ ಬೇಳೆ, ಬೆಲ್ಲ, ಹುಣಿಸೆಹಣ್ಣು ಕಟ್ಟಿಕೊಡುತ್ತಿದ್ದೆ. ಯಜಮಾನರು ವಯಸ್ಸಾಯಿತೆಂದು ಅಂಗಡಿ ಮಾರಿದರು. ಕೊಂಡವನು ಅಲ್ಲಿ ಸೈಕಲ್ ಶಾಪು ಇಟ್ಟ. ಮನೆಯಲ್ಲಿ ಹೆಂಡತಿ, ಎಂಟು ತಿಂಗಳ ಮಗಳು. ಎರಡು ತಿಂಗಳು ಕೆಲಸವಿಲ್ಲದೆ ಅಲೆದೆ. ಹೆದರಿಕೆ ಶುರುವಾಗಿತ್ತು, ಸುಳ್ಳೇಕೆ ಹೇಳಲಿ. ಆಗ ಯಜಮಾನರೇ ತಮ್ಮ ಸಕ್ಕರೆ ಕಾಯಿಲೆ ನೋಡುತ್ತಿದ್ದ ಡಾಕ್ಟರಿಗೆ "ಇವನ ಕೈ ಒಳ್ಳೇದು" ಎಂದು ಒಂದು ಮಾತು ಹೇಳಿದರು. ಡಾಕ್ಟರ ಹಳೇ ಕಾಂಪೌಂಡರ್ ಕೆಲಸ ಬಿಟ್ಟು ಮಗಳ ಊರಿಗೆ ಹೋಗಿ ವಾರವಾಗಿತ್ತು. ಬರಹೇಳಿದರು.

ಹದಿಮೂರನೆಯ ಪೊಟ್ಟಣ

"ಎಷ್ಟು ಓದಿದೀಯ?" ಎಂದರು ಡಾಕ್ಟರು.

"ಎಸ್ಸೆಸ್ಸೆಲ್ಸಿ ಸಾರ್."

"ಪಾಸಾ?"

"ಮೂರು ಸಲ ಕಟ್ಟಿದೀನಿ ಸಾರ್. ಲೆಕ್ಕ ಒಂದೇ ಬಾಕಿ."

"ಔಷಧಿ ಕೆಲಸ ಏನಾದ್ರೂ ಗೊತ್ತಾ?"

"ಅಂಗಡೀಲಿ ತಲೆನೋವಿನ ಮಾತ್ರೆ ಮಾರಿದೀನಿ ಸಾರ್. ಒಂದೂ ವಾಪಸ್ ಬಂದಿಲ್ಲ."

ಡಾಕ್ಟರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಒಂದು ಕಾಗದದ ಮೇಲೆ ಬಿಳೀ ಪುಡಿ ಸುರಿದು, ಇದನ್ನು ಸಮನಾಗಿ ಹನ್ನೆರಡು ಪೊಟ್ಟಣ ಮಾಡು ಎಂದರು. ಇದು ನನ್ನ ಸ್ವಂತ ವಿದ್ಯೆ. ಕಣ್ಣಳತೆಯಲ್ಲೇ ಪಾಲು ಮಾಡಿ, ಕಾಗದ ಮಡಿಸಿ, ಕಿವಿ ಸಿಕ್ಕಿಸಿ, ಐದು ನಿಮಿಷದಲ್ಲಿ ಮುಗಿಸಿ, ಒಂದೊಂದಕ್ಕೂ ದಾರ ಸುತ್ತಿ ಮುಂದಿಟ್ಟೆ. ಅವರು ಪುಟ್ಟ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿದರು. ಎಲ್ಲವೂ ಒಂದೇ ತೂಕ. ಅವರ ಮುಖದಲ್ಲಿ ನನ್ನ ಬಗ್ಗೆ ಗೌರವ ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಎಣಿಸಿದರು.

"ಹನ್ನೆರಡು ಅಂದಿದ್ನಲ್ಲಯ್ಯ? ಇಲ್ಲಿ ಹದಿಮೂರಿದೆ."

"ಅದು ಕೊಸರು ಸಾರ್."

"ಕೊಸರಿಗೆ ಪುಡಿ ಎಲ್ಲಿಂದ ಬಂತು?"

"ಹನ್ನೆರಡರಿಂದ್ಲೇ ಸ್ವಲ್ಪ ಸ್ವಲ್ಪ ತೆಗೆದೆ ಸಾರ್. ಅಂಗಡೀಲೂ ಹಂಗೇ ಮಾಡೋದು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ. "ನೋಡಪ್ಪ, ಮೂರು ತಿಂಗಳು ನೋಡ್ತೀನಿ. ಸರಿಹೋದ್ರೆ ಕಾಯಂ. ಆದ್ರೆ ಒಂದು ಮಾತು. ಔಷಧಿಗೆ ಕೊಸರಿಲ್ಲ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಒಂದು ತೊಟ್ಟು ಜಾಸ್ತಿ ಹೋಯ್ತು ಅಂತ ಗೊತ್ತಾದ ದಿನವೇ ನೀನೂ ಹೋದೆ ಅಂತ ತಿಳ್ಕೊ."

ಆಗಲಿ ಸಾರ್ ಎಂದು ಬಾಗಿಲ ತನಕ ಬಂದೆ. ಹಿಂದಿನಿಂದ ಕರೆದರು.

"ಆ ದಾರ ಎಲ್ಲ ಬಿಚ್ಚಿಟ್ಟು ಹೋಗು. ಇದು ಮದುವೆ ಮನೆಗೆ ಹೋಗೋ ಸಾಮಾನಲ್ಲ."

ಮೇಷ್ಟ್ರ ಬಾಟಲಿ

ಶಾಪು ಎಂದರೆ ಎರಡು ಕೋಣೆ, ನಡುವೆ ಮರದ ತಡಿಕೆ. ತಡಿಕೆಯಲ್ಲೊಂದು ಕಿಂಡಿ, ಡಾಕ್ಟರು ಅದರಿಂದ ನನ್ನ ಕಡೆಗೆ ಚೀಟಿ ತಳ್ಳುತ್ತಿದ್ದರು. ಜಗಲಿಯ ಕಡೆಗೆ ಇನ್ನೊಂದು ಕಿಂಡಿ. ಅದರಿಂದ ನಾನು ರೋಗಿಗಳಿಗೆ ಔಷಧಿ ಕೊಡುತ್ತಿದ್ದೆ. ಎರಡೂ ಕಿಂಡಿಗಳು ಎಷ್ಟು ಚಿಕ್ಕವೆಂದರೆ ಬಗ್ಗಿ ನೋಡದಿದ್ದರೆ ನನಗೆ ಕಾಣುತ್ತಿದ್ದದ್ದು ಕೈಗಳು ಮಾತ್ರ. ಮೊದಲ ತಿಂಗಳು ಡಾಕ್ಟರೇ ಪಕ್ಕದಲ್ಲಿ ನಿಂತು ಯಾವ ಜಾಡಿಯಿಂದ ಎಷ್ಟು ಎಂದು ಕಲಿಸಿದರು. ಕೈ ಕುದುರಿದ ಮೇಲೆ ಬಿಟ್ಟುಕೊಟ್ಟರು.

ಆಗ ಮಿಕ್ಸ್ಚರಿಗೆ ಬಾಟಲಿಯನ್ನು ರೋಗಿಗಳೇ ತರಬೇಕಿತ್ತು. ಹರಳೆಣ್ಣೆ ಬಾಟಲಿ, ಜೇನುತುಪ್ಪದ ಬಾಟಲಿ, ಕೇಳಬಾರದ ಬಾಟಲಿ, ಎಲ್ಲವೂ ಬರುತ್ತಿದ್ದವು. ಔಷಧಿ ತುಂಬಿದ ಮೇಲೆ ಕಾಗದದ ಪಟ್ಟಿಯ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಗೋಂದು ಹಚ್ಚಿ ಬಾಟಲಿಗೆ ಅಂಟಿಸುವುದು. ಒಂದು ಹಲ್ಲಿಗೆ ಒಂದು ಡೋಸು.

ಒಬ್ಬ ರಿಟೈರ್ಡ್ ಲೆಕ್ಕದ ಮೇಷ್ಟ್ರು ಕೆಮ್ಮಿಗೆ ಔಷಧಿ ತೆಗೆದುಕೊಂಡರು. ಆರು ಡೋಸು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಜೇಬಿನಿಂದ ಒಂದು ಸ್ಕೇಲು ತೆಗೆದರು. ಕೆಮ್ಮಿಗೆ ಔಷಧಿ ತರಲು ಬರುವವರು ಸ್ಕೇಲು ಯಾಕೆ ತರುತ್ತಾರೋ ನನಗೆ ತಿಳಿಯದು.

"ಏನಪ್ಪಾ ಇದು? ಕೊನೇ ಹಲ್ಲು ಮಿಕ್ಕಿದ್ದಕ್ಕಿಂತ ದೊಡ್ಡದು. ಆರು ಭಾಗ ಅಂದ್ರೆ ಆರೂ ಸಮ ಇರ್ಬೇಕು."

"ಬಾಟಲಿ ತಳ ಒಳಗಡೆ ಉಬ್ಬಿದೆ ಸಾರ್. ಅದಕ್ಕೇ ಕೆಳಗಡೆ ಸ್ವಲ್ಪ ಜಾಸ್ತಿ ಬಿಟ್ಟಿದೀನಿ."

"ಎಷ್ಟು ಓದಿದೀಯ ನೀನು?"

ಈ ಪ್ರಶ್ನೆ ಬಂದರೆ ನಾನು ವಾದ ಮಾಡುವುದಿಲ್ಲ. ಅವರು ನನ್ನ ಕತ್ತರಿ ಇಸಿದುಕೊಂಡು, ಸ್ಕೇಲಿಟ್ಟು ಗೆರೆ ಹಾಕಿ, ತಾವೇ ಆರು ಸಮನಾದ ಹಲ್ಲು ಕತ್ತರಿಸಿ ಅಂಟಿಸಿಕೊಂಡು ಹೋದರು. ಹಿಂದೆ ನಿಂತಿದ್ದವರೆಲ್ಲ ಇನ್ನು ಮುಂದೆ ಇವರ ಹತ್ತಿರವೇ ಪಟ್ಟಿ ಮಾಡಿಸಿಕೊಳ್ಳೋಣವೆಂದು ಮಾತಾಡಿಕೊಂಡರು. ತಳ ಉಬ್ಬಿದ ಪಾವಿನಲ್ಲಿ ಹನ್ನೊಂದು ವರ್ಷ ಕಡಲೆಬೀಜ ಅಳೆದವನಿಗೆ ಉಬ್ಬಿದ ತಳ ಏನು ಮಾಡುತ್ತದೆಂದು ಚೆನ್ನಾಗಿ ಗೊತ್ತು. ಆದರೆ ಇದನ್ನು ಸಾಲಿನ ಮುಂದೆ ಹೇಳುವಂತಿರಲಿಲ್ಲ.

ಎರಡು ದಿನ ಬಿಟ್ಟು ಮೇಷ್ಟ್ರು ಬಂದರು. ಕೊನೆಯ ಡೋಸಿಗೆ ಅರ್ಧ ಚಮಚವೂ ಉಳಿದಿರಲಿಲ್ಲವಂತೆ. ದನಿಯಲ್ಲಿ ಮಾತ್ರ ಅಳುಕಿಲ್ಲ.

"ನನ್ನ ಪಟ್ಟಿ ಸರಿಯಾಗೇ ಇತ್ತು," ಎಂದರು. "ಬಾಟಲಿ ತಪ್ಪು."

ಉತ್ತರ ಸರಿ, ಪ್ರಶ್ನೆಯೇ ತಪ್ಪು ಎಂದು ನಾನೂ ಪರೀಕ್ಷೆಯಲ್ಲಿ ಬರೆದು ಬಂದಿದ್ದರೆ ಮೊದಲನೇ ಸಲವೇ ಪಾಸಾಗುತ್ತಿದ್ದೆನೇನೋ.

ಹಳೇ ಗಿರಾಕಿ

ನಾನು ದಿನಸಿ ಅಂಗಡಿಯವನು ಎಂಬುದು ರಾಜಾಜಿನಗರದಲ್ಲಿ ಯಾರಿಗೂ ತಿಳಿಯದಿರಲಿ ಎಂದು ದೇವರಿಗೆ ಕೈಮುಗಿದಿದ್ದೆ. ಎರಡನೇ ತಿಂಗಳಲ್ಲಿ ಒಂದು ದಿನ ಕಿಂಡಿಯಲ್ಲಿ ಬಳೆ ತೊಟ್ಟ ಕೈ ಬಂತು, ಆಮೇಲೆ ಕೈಯ ಪಕ್ಕದಲ್ಲೇ ಒಂದು ಕಣ್ಣು ಬಂತು.

"ಅಯ್ಯೋ, ನೀನು ಮಾಗಡಿ ರೋಡಿನ ಬೇಳೆ ಅಂಗಡಿಯವನಲ್ವೇನಪ್ಪ?"

ಹಳೇ ಅಂಗಡಿಗೆ ತಿಂಗಳ ಸಾಮಾನಿಗೆ ಬರುತ್ತಿದ್ದ ಅಮ್ಮ. ಸಾಲೆಲ್ಲ ಕಿಂಡಿಯ ಕಡೆ ತಿರುಗಿತು.

"ಮೆತ್ತಗೆ ಹೇಳಿ ಅಮ್ಮ."

"ಮೆತ್ತಗೆ ಯಾಕೆ? ನೀನೇನು ಕದ್ದಿದೀಯಾ? ಆದ್ರೆ ಒಂದು ಮಾತು ಹೇಳು. ನೀನು ಕೊಡ್ತಿದ್ದ ಬೇಳೇಲಿ ಕಲ್ಲಿರ್ತಿತ್ತು. ಈ ಮಾತ್ರೇನೂ ಆರಿಸಿ ನುಂಗ್ಬೇಕಾ?"

ಸಾಲು ನಕ್ಕಿತು. ತಡಿಕೆಯ ಆಚೆ ಡಾಕ್ಟರು ಕೆಮ್ಮಿದ ಹಾಗೆ ಕೇಳಿಸಿತು, ಅದು ಕೆಮ್ಮಲ್ಲ. ನಾನು ತಲೆಯೆತ್ತದೆ ಔಷಧಿ ತುಂಬಿ, ಮಾತ್ರೆ ಎಣಿಸಿ ಕೊಟ್ಟೆ. ಅಮ್ಮ ಅಲ್ಲಾಡಲಿಲ್ಲ.

"ಕೊಸರು?"

"ಔಷಧಿಗೆ ಕೊಸರಿಲ್ಲ ಅಮ್ಮ."

"ಹಳೇ ಗಿರಾಕಿ ಕಣಪ್ಪ ನಾನು. ಬರೀ ಕೈಯಲ್ಲಿ ಕಳಿಸ್ತೀಯಾ?"

ಹಿಂದೆ ಹತ್ತು ಜನ ಕಾಯುತ್ತಿದ್ದಾರೆ, ತಡಿಕೆಯಾಚೆ ಡಾಕ್ಟರು ಕಿವಿಗೊಟ್ಟು ಕೂತಿದ್ದಾರೆ. ಎರಡು ಮಾತ್ರೆ ಕೊಟ್ಟರೆ ಅಮ್ಮ ಹೋಗುತ್ತಾರೆ, ಜೊತೆಗೆ ನನ್ನ ಕೆಲಸವೂ ಹೋಗುತ್ತದೆ. ಡ್ರಾಯರಿನಲ್ಲಿ ಬಾಟಲಿಗೆ ಹಾಕುವ ಬಿರಡೆಗಳು ಕಂಡವು. ಬಿರಡೆ ಔಷಧಿಯಲ್ಲವಲ್ಲ! ಒಂದು ಬಿರಡೆ ತೆಗೆದು ಕೈಗೆ ಹಾಕಿದೆ. ಅಮ್ಮ ಹರಸಿ ಹೋದರು.

ಮರುದಿನದಿಂದ ಬಂದವರೆಲ್ಲ ಔಷಧಿ ತೆಗೆದುಕೊಂಡು ಬಿರಡೆಗೆ ಕೈ ಚಾಚತೊಡಗಿದರು. ವಾರದ ಕೊನೆಗೆ ಡಾಕ್ಟರು ಡ್ರಾಯರು ಎಳೆದು ನೋಡಿದರು.

"ಒಂದು ಗ್ರೋಸ್ ಬಿರಡೆ ತರಿಸಿದ್ದೆ. ಎಲ್ಲಿ ಹೋಯ್ತಯ್ಯ?"

"ಖರ್ಚಾಯ್ತು ಸಾರ್."

"ಅರವತ್ತು ಬಾಟಲಿಗೆ ನೂರ ನಲವತ್ತನಾಲ್ಕು ಬಿರಡೆಯಾ? ನಮ್ಮ ಪೇಷೆಂಟುಗಳ ಬಾಟಲಿಗೆ ಎಷ್ಟು ಬಾಯಿದೆ?"

ಬಿಸಿನೀರು

ಗೋವಿಂದರಾಜನಗರದ ನಮ್ಮ ವಠಾರದಲ್ಲಿ ಮಾತ್ರ ನಾನು ಆಗಲೇ ದೊಡ್ಡ ಡಾಕ್ಟರು. ಹೊಟ್ಟೆನೋವು, ಹಲ್ಲುನೋವು, ಮಂಡಿನೋವು ಎಲ್ಲವೂ ರಾತ್ರಿ ನನ್ನ ಬಾಗಿಲಿಗೆ ಬರುತ್ತಿದ್ದವು. ನನಗೇನು ಗೊತ್ತು? ಗೊತ್ತಿಲ್ಲ ಎಂದರೆ ಹೆಂಡತಿಯ ಮುಖ ಸಣ್ಣದಾಗುತ್ತದೆ. ಯಾರಿಗೂ ಕೆಡುಕಾಗದ ಒಂದೇ ಒಂದು ಔಷಧಿ ನನಗೆ ತಿಳಿದಿತ್ತು. ಎಲ್ಲರಿಗೂ "ಎರಡು ಹೊತ್ತು ಬಿಸಿನೀರು ಕುಡೀರಿ" ಎನ್ನುತ್ತಿದ್ದೆ.

ಗುಣವಾದವರು ಇನ್ನೂ ನಾಲ್ಕು ಜನಕ್ಕೆ ಹೇಳಿದರು. ಗುಣವಾಗದವರು ಮೂರು ಹೊತ್ತು ಕುಡಿದರು. ಒಂದು ತಿಂಗಳಾದ ಮೇಲೆ ಮನೆ ಓನರ್ರೇ ಬಂದರು. ಅವರಿಗೂ ಸೊಂಟನೋವು, ಅವರಿಗೂ ಬಿಸಿನೀರೇ ಹೇಳಿದ್ದೆ.

"ಏನ್ರೀ, ಸೊಂಟ ಹೇಗಿದೆ?" ಎಂದೆ.

"ಸೊಂಟ ಹಾಳಾಗ್ಲಿ. ವಠಾರದಲ್ಲಿ ಎಂಟು ಮನೇಲೂ ಬೆಳಗಿಂದ ಸಾಯಂಕಾಲದ ತನಕ ಸ್ಟೌ ಉರೀತಾ ಇದೆ. ನಮ್ಮನೆಗೆ ಕಡ ಕೇಳೋಕೂ ಎಲ್ಲೂ ಸೀಮೆಎಣ್ಣೆ ಸಿಗ್ತಿಲ್ಲ. ನಿಮ್ಮ ದಮ್ಮಯ್ಯ, ಯಾವುದಾದ್ರೂ ತಣ್ಣಗಿರೋ ಔಷಧಿ ಹೇಳಿ."

ಕೊನೆಯ ದಿನ

ಮೂರು ತಿಂಗಳು ಮುಗಿಯುವ ದಿನ ಬಂತು. ಡಾಕ್ಟರು ಕಾಯಂ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅನ್ನುವ ಸ್ಥಿತಿಯಲ್ಲೂ ಇರಲಿಲ್ಲ. ಹಿಂದಿನ ದಿನದಿಂದ ಅವರಿಗೆ ಗಂಟಲು ಕಟ್ಟಿ ದನಿ ಬಿದ್ದುಹೋಗಿತ್ತು. ರೋಗಿಗಳಿಗೆ ಕೈಸನ್ನೆಯಲ್ಲೇ ನಾಲಗೆ ಚಾಚಿಸುತ್ತಿದ್ದರು. ನಾನು ಬೆಳಗಿನಿಂದ ಪ್ರತಿ ಚೀಟಿ ಬಂದಾಗಲೂ ಇದೇ ನನ್ನ ಚೀಟಿಯೇನೋ ಎಂದು ಹೆದರಿ ಹೆದರಿ ತೆಗೆಯುತ್ತಿದ್ದೆ. ಹೊರಡುವಾಗ ಹೆಂಡತಿ "ರಾತ್ರಿಗೆ ಪಾಯಸ ಮಾಡ್ಲಾ ಬೇಡ್ವಾ?" ಎಂದಿದ್ದಳು. ಬೆಲ್ಲ ಹಾಕಬೇಡ, ಶ್ಯಾವಿಗೆ ಮಾತ್ರ ಹುರಿದಿಟ್ಟಿರು ಎಂದು ಬಂದಿದ್ದೆ. ಉಪ್ಪಿಟ್ಟಿಗೂ ಆಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ನಾಲ್ಕೈದು ಜನ ಉಳಿದಿದ್ದರು. ಅವತ್ತು ಏನು ಗ್ರಹಚಾರವೋ, ಬಂದವರೆಲ್ಲ ಕೊಸರು ಕೇಳಿದವರೇ. ಬಿರಡೆ ಕೊಡುವುದನ್ನು ಡಾಕ್ಟರು ನಿಲ್ಲಿಸಿದ್ದರಿಂದ ಒಬ್ಬೊಬ್ಬರಿಗೂ ನಾನು ಸಮಾಧಾನ ಹೇಳಬೇಕಿತ್ತು. ಅಷ್ಟರಲ್ಲಿ ಹೆಸರು ಬರೆಯದ ಒಂದು ಚೀಟಿ ಬಂತು. ಕೆಮ್ಮಿನ ಮಿಕ್ಸ್ಚರ್, ಆರು ಡೋಸು. ಜಗಲಿಯ ಕಿಂಡಿಯಿಂದ ಬಾಟಲಿಯೂ ಬಂತು. ಔನ್ಸ್ ಗ್ಲಾಸಿನಲ್ಲಿ ಅಳೆದು ತುಂಬಿ, ಪಟ್ಟಿ ಅಂಟಿಸಿ ಕೊಟ್ಟೆ. ಕೈ ಬಾಟಲಿ ತೆಗೆದುಕೊಂಡಿತು, ಆದರೆ ಹೋಗಲಿಲ್ಲ.

"ಸ್ವಲ್ಪ ಕೊಸರು ಹಾಕಪ್ಪ," ಎಂದಿತು ಒಂದು ಒಡಕು ದನಿ.

ಮೂರು ತಿಂಗಳಿನಿಂದ ಕಟ್ಟಿಟ್ಟುಕೊಂಡಿದ್ದದ್ದೆಲ್ಲ ಒಡೆಯಿತು.

"ಏನ್ರೀ, ನಾಚಿಕೆ ಆಗಲ್ವಾ ನಿಮಗೆ? ಇದೇನು ಬೆಲ್ಲದ ಅಂಗಡಿ ಅಂದ್ಕೊಂಡ್ರಾ? ಡಾಕ್ಟ್ರು ಆರು ಡೋಸು ಅಂತ ಬರೆದಿದಾರೆ. ಆ ಡಾಕ್ಟ್ರಿಗಿಂತ ನಿಮಗೆ ಜಾಸ್ತಿ ಗೊತ್ತಾ? ಒಂದು ತೊಟ್ಟು ಜಾಸ್ತಿ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ. ನಾಳೆ ನನ್ನ ಮಗಳಿಗೆ ಹಾಲು ಯಾರು ತಂದ್ಕೊಡ್ತಾರೆ, ನೀವಾ? ಹೋಗ್ರೀ, ಹೋಗಿ ಸುಮ್ನೆ ಬರೆದಷ್ಟು ಕುಡೀರಿ!"

ಸಾಲಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಇದೇಕೆ ಎಂದು ಬಗ್ಗಿ ಕಿಂಡಿಯಲ್ಲಿ ನೋಡಿದೆ. ಮೊದಲು ಕಂಡದ್ದು ಕೈಗಡಿಯಾರ. ಆಮೇಲೆ ಬಿಳೀ ಅಂಗಿ. ಆಮೇಲೆ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಸ್ಟೆತಾಸ್ಕೋಪು.

ಪಕ್ಕದಲ್ಲಿ ಲೆಕ್ಕದ ಮೇಷ್ಟ್ರು ನಿಂತಿದ್ದರು. "ಸರಿಯಾಗೇ ಹೇಳಿದಾನೆ ಡಾಕ್ಟ್ರೇ," ಎಂದರು.

ಡಾಕ್ಟರು ಬಾಟಲಿ ಹಿಡಿದುಕೊಂಡು ಒಳಗೆ ಹೋದರು. ಅವರು ನನ್ನನ್ನು ಪರೀಕ್ಷೆ ಮಾಡಿದರೋ, ನಿಜವಾಗಿಯೂ ಒಂದು ಗುಟುಕು ಜಾಸ್ತಿ ಬೇಕಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವತ್ತು ಗೊತ್ತಿದ್ದದ್ದು ಒಂದೇ, ಪಾಯಸ ಇಲ್ಲ. ಉಳಿದವರಿಗೆ ಔಷಧಿ ಕೊಟ್ಟು ಕಳಿಸಿದೆ. ಗ್ಲಾಸು ತೊಳೆದಿಟ್ಟೆ. ಜಾಡಿಗಳನ್ನು ಒರೆಸಿ ಸಾಲಾಗಿ ಜೋಡಿಸಿದೆ, ಮುಂದೆ ಬರುವವನಿಗೆ ಅನುಕೂಲವಾಗಲಿ ಎಂದು. ಟಿಫಿನ್ ಕ್ಯಾರಿಯರ್ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ತಡಿಕೆಯ ಕಿಂಡಿಯಿಂದ ಇನ್ನೊಂದು ಚೀಟಿ ಬಂತು.

ಯಾರೂ ಇಲ್ಲವಲ್ಲ ಎಂದುಕೊಂಡು ತೆಗೆದೆ. ರೋಗಿಯ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಯಾವತ್ತೂ ಇಂಗ್ಲಿಷಿನಲ್ಲೇ ಗೀಚುವ ಡಾಕ್ಟರು ಅವತ್ತು ದುಂಡಗೆ ಕನ್ನಡದಲ್ಲಿ ಬರೆದಿದ್ದರು:

"ಕಾಂಪೌಂಡರ್ ಕೆಲಸ. ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ ಮತ್ತು ಸಂಜೆ. ನಾನು ಹೇಳುವ ತನಕ ನಿಲ್ಲಿಸಕೂಡದು. ಸಂಬಳಕ್ಕೆ ಕೊಸರು ಕೇಳಕೂಡದು."