ಹೊಂಗೆಮರದ ನಿದ್ದೆಗೆ ನಾನು ಕೊಡಹೊರಟ ಸ್ಪಷ್ಟನೆ

ಸುಳ್ಳು ಸುದ್ದಿ ನನ್ನ ಹತ್ತಿರ ಸುಳಿಯುವುದಕ್ಕೂ ಹೆದರುತ್ತದೆ ಎಂಬ ನಂಬಿಕೆ ನನಗೆ ಹೋದ ತಿಂಗಳ ತನಕ ಇತ್ತು. ಇರದೆ ಏನು? ಮೈಸೂರಿನ ಒಂದು ಪುಟ್ಟ ದಿನಪತ್ರಿಕೆಯಲ್ಲಿ ವಾರಕ್ಕೊಂದು ಅಂಕಣ ನನ್ನದು. ಮೊಬೈಲಿನಿಂದ ಮೊಬೈಲಿಗೆ ಹಾರಾಡುವ ಸುದ್ದಿಗಳನ್ನು ಹಿಡಿದು, ಕೂರಿಸಿ, ವಿಚಾರಿಸಿ, ಸುಳ್ಳಾದರೆ ಸುಳ್ಳೆಂದು ನಾಡಿಗೆ ಸಾರುವ ಗುರುತರ ಹೊಣೆ. ಅಂಕಣದ ತಲೆಯ ಮೇಲೆ ನನ್ನ ಫೋಟೊ ಬೇರೆ.

ನಮ್ಮೂರ ಪತ್ರಕರ್ತರದ್ದೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಒಂದೇ ಸಂಜೆ ಊರಿನ ನಾಲ್ಕು ಮೂಲೆಯಲ್ಲಿ ಸಭೆ ನಡೆದರೆ ಒಬ್ಬ ಮನುಷ್ಯ ಎಷ್ಟು ಕಡೆ ಓಡಾಡಿಯಾನು? ಹೋದವರು ಅಲ್ಲಿಯ ವರದಿಯನ್ನು ಗ್ರೂಪಿಗೆ ಹಾಕುತ್ತಾರೆ. ಹೋಗದವರು ಅದನ್ನೆತ್ತಿಕೊಂಡು, ತಲೆಬರಹ ಬದಲಿಸಿ, ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಾರೆ. ಇದಕ್ಕೆ ನಾವು ಕಾಪಿ ಹಾಕುವುದು ಎನ್ನುತ್ತೇವೆ. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಈಸಿಕೊಂಡ ಹಾಗೆ, ಯಾರೂ ಲೆಕ್ಕ ಇಡುವುದಿಲ್ಲ.

ಒಂದು ದಿನ ಲಾರೆನ್ಸ್, ಇನ್ನೊಂದು ಪತ್ರಿಕೆಯ ವರದಿಗಾರ, ಟೀ ಅಂಗಡಿಯಲ್ಲಿ ಸಿಕ್ಕಿದ. "ಅಣ್ಣಾ, ಬರೀ ಕಾಪಿ ಹಾಕ್ಕೊಂಡು ಕೂತ್ರೆ ಎಂಗೆ? ನಮ್ ಗ್ರೂಪಲ್ಲಿ ಐಡಿಯಾನೂ ಹಂಚ್ಕೋಬೇಕು. ನಿಮ್ಮಂಥ ಹಿರಿಯರೇ ಶುರು ಮಾಡ್ಬೇಕು ಕಣಣ್ಣ" ಎಂದ. ಹಿರಿಯರು ಎಂದದ್ದು ಸ್ವಲ್ಪ ಚುಚ್ಚಿತು. ಉಳಿದದ್ದು ಹಿತವಾಗಿತ್ತು.

ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಮನೆಯ ಬೀದಿ ತಿರುವಿನಲ್ಲಿ ಒಂದು ಹಳೆಯ ಹೊಂಗೆಮರ, ಅದರ ಕೆಳಗೆ ಒಂದು ಕಲ್ಲುಬೆಂಚು. ಮಧ್ಯಾಹ್ನದ ಊಟವಾದ ಮೇಲೆ ನಾನು ಅಲ್ಲಿ ಹೋಗಿ ಕೂರುವುದುಂಟು. ಕೂತರೆ ಲೋಕವೇ ಮೆತ್ತಗಾಗುತ್ತದೆ. ಸ್ಕೂಟರುಗಳು ನೀರಿನಡಿಯಲ್ಲಿ ಓಡಿದ ಹಾಗೆ ಕೇಳಿಸುತ್ತವೆ. ತರಕಾರಿಯವನು ಕೂಗುವ ಸೊಪ್ಪು ಎಲ್ಲೋ ಮೋಡದೊಳಗೆ ಬೆಳೆದ ಸೊಪ್ಪು ಅನ್ನಿಸುತ್ತದೆ. ಹೂವು ಒಂದೊಂದಾಗಿ ಭುಜದ ಮೇಲೆ ಬೀಳುತ್ತದೆ, ಬಿದ್ದದ್ದು ಗೊತ್ತಾಗುವುದಿಲ್ಲ. ಅವತ್ತು ಕನಸಿನಲ್ಲಿ ನಮ್ಮಜ್ಜಿ ಬಂದು, ತಲೆ ನೇವರಿಸಿ, "ಇನ್ನೊಂಚೂರು ಮಲಕ್ಕೊ ಮಗ, ಯಾರೂ ಕರೆಯಾಕಿಲ್ಲ" ಎಂದಳು.

ಆ ಕೈಯ ಬಿಸಿ ಇನ್ನೂ ಹಣೆಯ ಮೇಲಿರುವಾಗಲೇ ಎಚ್ಚರವಾಯಿತು. ಇದೇ ಐಡಿಯಾ! ಊರಿನ ತಂಪು ಜಾಗಗಳ ಬಗ್ಗೆ ಎಲ್ಲರೂ ಒಂದೊಂದು ಲೇಖನ ಬರೆಯಬಹುದಲ್ಲ ಎಂದು ಗ್ರೂಪಿನಲ್ಲಿ ಸೂಚಿಸಲು ಹೊರಟೆ. ಆದರೆ ಈ ಕೈ ವರದಿ ಬರೆದು ಬರೆದು ಸವೆದದ್ದು. ಮಂಪರಿನಲ್ಲಿ ಅದು ಬರೆದದ್ದು ಹೀಗೆ:

"ಮೈಸೂರು: ಕೃಷ್ಣಮೂರ್ತಿಪುರಂನ ಹೊಂಗೆಮರವೊಂದರ ಕೆಳಗೆ ಕುಳಿತವರಿಗೆ ಕ್ಷಣಮಾತ್ರದಲ್ಲಿ ಗಾಢ ನಿದ್ದೆ ಆವರಿಸುತ್ತಿದ್ದು, ಒಳ್ಳೆಯ ಕನಸುಗಳೂ ಬೀಳುತ್ತಿವೆ ಎಂದು ಸ್ಥಳೀಯರು ತಿಳಿಸಿದ್ದಾರೆ."

ಆ ಸ್ಥಳೀಯರು ನಾನೊಬ್ಬನೇ. ಕಳಿಸಿದೆ. ಮತ್ತೆ ಒರಗಿದೆ.

ಮಾರನೆಯ ಬೆಳಿಗ್ಗೆ ನನ್ನ ಹೆಂಡತಿ ಸುಶೀಲ ಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದಳು. "ರೀ, ನಮ್ ಬೀದಿ ಹೊಂಗೆಮರ ಪೇಪರಲ್ಲಿ ಬಂದದೆ ಕಣ್ರೀ. ಎಲ್ಲಾದ್ರಲ್ಲೂ ಅದೆ. ನಿಮ್ ಪೇಪರಲ್ಲಿ ಮಾತ್ರ ಇಲ್ಲ."

ಶುರುವಿನಲ್ಲೇ 'ಮೈಸೂರು:' ಎಂದಿದ್ದುದನ್ನು ನೋಡಿ ಎಲ್ಲರೂ ನನ್ನ ಐಡಿಯಾವನ್ನು ಕಾಪಿ ಎಂದೇ ತಿಳಿದಿದ್ದಾರೆ. ಒಂದು ಪತ್ರಿಕೆಯಲ್ಲಿ ಸ್ಥಳೀಯರ ಜೊತೆಗೆ ತಜ್ಞರೂ ಸೇರಿಕೊಂಡಿದ್ದರು. ಇನ್ನೊಂದರಲ್ಲಿ ಮರಕ್ಕೆ ಪೂಜೆ ಶುರುವಾಗಿತ್ತು.

ಸಂಪಾದಕರ ಫೋನು ಬಂತು. "ಏನ್ರೀ, ಸುದ್ದಿ ನಿಜವಾಗಿದ್ರೆ ನಮಗ್ಯಾಕೆ ಕೊಡಲಿಲ್ಲ? ಸುಳ್ಳಾಗಿದ್ರೆ ಗ್ರೂಪಿಗ್ಯಾಕೆ ಹಾಕಿದ್ರಿ?"

"ಅದು ಸುದ್ದಿ ಅಲ್ಲ ಸಾರ್, ಐಡಿಯಾ" ಎಂದೆ.

"ಸಂಜೆಯೊಳಗೆ ಗ್ರೂಪಲ್ಲಿ ಸ್ಪಷ್ಟನೆ ಹಾಕಿ. ಸ್ಥಳಕ್ಕೆ ಹೋಗಿ, ಪರೀಕ್ಷೆ ಮಾಡಿ, ಸುಳ್ಳು ಅಂತ ತೋರಿಸಿ. ಇಲ್ದಿದ್ರೆ ಆ ಅಂಕಣ ಬೇರೆಯವರ ಕೈಗೆ ಹೋಗುತ್ತೆ, ಈಗಲೇ ಹೇಳಿದ್ದೀನಿ."

ಓಡಿದೆ. ಮರದ ಕೆಳಗೆ ಜಾತ್ರೆ! ಚಾಪೆ ಹಿಡಿದವರು, ದಿಂಬು ತಂದವರು, ಮರವನ್ನೇ ತಬ್ಬಿಕೊಂಡು ಫೋಟೊ ಹೊಡೆಸಿಕೊಳ್ಳುವವರು. ರಾಮಕೃಷ್ಣನಗರದಿಂದ ಆಟೊದಲ್ಲಿ ಬಂದಿದ್ದ ಒಬ್ಬ ಹೆಂಗಸು ಗಂಡನನ್ನು ನನ್ನ ಬೆಂಚಿನ ಮೇಲೆ ಕೂರಿಸಿದ್ದರು.

"ನಿದ್ದೆ ಬಂತಾ?" ಎಂದು ಆಕೆ ಕೇಳಿದರು.

"ನೀನು ಗಳಿಗೆಗೊಂದು ಸಲ ಕೇಳ್ತಿದ್ರೆ ಎಲ್ಲಿ ಬತ್ತದೆ ಮಾರಾಯ್ತಿ?"

ಆಕೆ ನನ್ನ ಕಡೆ ತಿರುಗಿ, "ಇದನ್ನ ಯಾರು ಸ್ವಾಮಿ ಬರ್ದಿದ್ದು? ಸಿಕ್ಕಿದ್ರೆ ಸರಿಯಾಗಿ ಕೇಳ್ತಿದ್ದೆ" ಎಂದರು.

"ವಿಚಾರಿಸ್ತಿದ್ದೀನಿ ತಾಯಿ" ಎಂದೆ. ಅದು ಸುಳ್ಳೇನಲ್ಲ.

ಒಬ್ಬೊಬ್ಬರನ್ನೂ ಮಾತಾಡಿಸಿದೆ. ಯಾರಿಗೂ ಒಂದು ಆಕಳಿಕೆ ಕೂಡ ಬಂದಿರಲಿಲ್ಲ. ನನ್ನ ಎದೆ ಹಗುರವಾಯಿತು. ಸಾಕ್ಷಿ ಸಿಕ್ಕಿತು, ಅಂಕಣ ಉಳಿಯಿತು! ಮನೆಗೆ ಹೋಗಿ ಸಂತೋಷಕ್ಕೆ ಒಂದು ಮುದ್ದೆ ಹೆಚ್ಚಾಗಿಯೇ ಉಂಡೆ. ತಿರುಗಿ ಬರುವಷ್ಟರಲ್ಲಿ ಜನ ಬೇಸತ್ತು ಹೊರಟುಹೋಗಿದ್ದರು. ಬೆಂಚು ಖಾಲಿ. ಸ್ಪಷ್ಟನೆಯನ್ನು ಸ್ಥಳದಿಂದಲೇ ಬರೆದರೆ ಅದಕ್ಕೊಂದು ತೂಕ ಎಂದು ಅಲ್ಲೇ ಕೂತು ಮೊಬೈಲು ತೆಗೆದೆ.

"ಈ ಮರದ ಕೆಳಗೆ ಯಾರಿಗೂ ನಿದ್ದೆ ಬರುವುದಿಲ್ಲ ಎಂಬುದನ್ನು ನಾನು ಸ್ವತಃ..."

ಗಾಳಿ ಬೀಸಿತು. ಎಲೆಗಳ ನಡುವಿನ ಬಿಸಿಲು ಅಕ್ಷರಗಳ ಮೇಲೆ ಈಜಾಡಿತು. ಊರೆಲ್ಲ ಒಂದು ದೊಡ್ಡ ತೊಟ್ಟಿಲಿನಂತೆ ಆ ಕಡೆ ಈ ಕಡೆ ತೂಗಿತು. 'ಸ್ವತಃ' ಆದ ಮೇಲೆ ಏನು ಬರೆಯಬೇಕೆಂದು ಯೋಚಿಸಲು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಬೀದಿದೀಪ ಹತ್ತಿತ್ತು. ಹೆಬ್ಬೆರಳು ತಾಗಿ ಆ ಅರ್ಧ ವಾಕ್ಯ ಗ್ರೂಪಿಗೆ ಹೋಗಿಬಿಟ್ಟಿತ್ತು. ಅದರ ಕೆಳಗೇ ಲಾರೆನ್ಸ್ ಹಾಕಿದ ಫೋಟೊ: ಬೆಂಚಿನ ಮೇಲೆ ನಾನು, ಬಾಯಿ ತೆರೆದಿದೆ, ಮುಖದಲ್ಲಿ ಪರಮಶಾಂತಿ. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಫೋನು ಮಾಡಿದರೆ, "ರೇಗ್ಬೇಡಿ ಅಣ್ಣಾ, ಎಷ್ಟು ಚೆಂದಾಗಿ ಮಲಗಿದ್ರಿ, ಎಬ್ಬಿಸೋಕೆ ಮನಸ್ಸೇ ಬರ್ಲಿಲ್ಲ" ಎಂದ.

ಸಂಪಾದಕರು ಬೈಯಲಿಲ್ಲ. "ಪರೀಕ್ಷೆ ಚೆನ್ನಾಗಿ ಮಾಡಿದ್ದೀರಿ" ಎಂದಷ್ಟೇ ಹೇಳಿ ಫೋನಿಟ್ಟರು. ಮಾರನೆಯ ದಿನ ನಮ್ಮ ಪತ್ರಿಕೆಯಲ್ಲಿಯೂ ಸುದ್ದಿ ಬಂತು, ಆ ಫೋಟೊದ ಸಮೇತ. ಅಡಿಯಲ್ಲಿ ಬರೆದಿತ್ತು: "ಹೊಂಗೆಮರದ ಕೆಳಗೆ ನಿದ್ರಾವಶರಾಗಿರುವ ವಯೋವೃದ್ಧರು."

"ಇದು ಶುದ್ಧ ಸುಳ್ಳು! ನಾನೆಲ್ಲಿ ವಯೋವೃದ್ಧ?" ಎಂದು ಹಾರಾಡಿದೆ. "ಈ ಪದವನ್ನು ಅಂಕಣದಲ್ಲಿ ಜಾಲಾಡಿಸುತ್ತೇನೆ ನೋಡು."

ಸುಶೀಲ ಪುಟ ತಿರುಗಿಸಿ ಅಂಕಣ ತೋರಿಸಿದಳು. ಅಲ್ಲಿ ಬೇರೆ ಯಾರದೋ ಫೋಟೊ ಇತ್ತು. ಕಣ್ಣು ಬಿಟ್ಟಿದ್ದ ಮನುಷ್ಯ.