ಹುರುಳಿಯ ಮೇಲೆ ರಿವರ್ಸ್

ಪಕ್ಕದ ಸೀಟಿನಲ್ಲಿ ಕೂತು ಹೆಂಗಸರಿಗೆ ಕಾರು ಕಲಿಸುವುದು ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಸುಮ್ಮನೆ ಕೂತರೆ ಸಾಕು, ಅದೇ ಬಾಗಿಲು ತೆಗೆದು ಒಳಗೆ ಬಂದು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತದೆ.

ನಮ್ಮದು ಚಿಂತಾಮಣಿಯಲ್ಲಿ ಸಣ್ಣದೊಂದು ಡ್ರೈವಿಂಗ್ ಸ್ಕೂಲು. ಗಂಡಸರಿಗೆ ನಮ್ಮ ಯಜಮಾನರು ಕಲಿಸುತ್ತಾರೆ, ಹೆಂಗಸರಿಗೆ ನಾನು. ಬರುವವರು ಟೀಚರುಗಳು, ನರ್ಸುಗಳು, ತರಕಾರಿ ಮಂಡಿಯವರ ಸೊಸೆಯರು. ಹೋದ ಸಲ ದೀಪಾವಳಿಯ ಹಿಂದೆಮುಂದೆ ಬಂದವಳು ಮಾತ್ರ ರುವಾಂಡಾ ದೇಶದವಳು. ರೇಷ್ಮೆ ಕೃಷಿಯಲ್ಲಿ ದೊಡ್ಡ ಓದು ಓದಲು ಅಷ್ಟು ದೂರದಿಂದ ನಮ್ಮ ಕಡೆಗೆ ಬಂದಿದ್ದಳು. ಹುಳು ಸಾಕುವ ಮನೆಗಳ ಹೆಂಗಸರಿಂದ ಕನ್ನಡ ಕಲಿತಿದ್ದಳು. ಆ ಹೆಂಗಸರ ಕನ್ನಡದಲ್ಲಿ ಅರ್ಧ ತೆಲುಗು ಇರುವುದರಿಂದ ಇವಳ ಮಾತು ನನ್ನ ಮಾತಿಗಿಂತ ಹೆಚ್ಚು ನಮ್ಮೂರಿನದಾಗಿತ್ತು.

ಅವಳ ಕಷ್ಟ ಇಷ್ಟೇ. ಪ್ರಾಜೆಕ್ಟು ಮುರುಗಮಲ್ಲದ ಕಡೆಯ ಹಳ್ಳಿಗಳಲ್ಲಿ. ಹುಳು ಮೇಯುವ ದಿನಗಳಲ್ಲಿ ಬೆಳಿಗ್ಗೆ ಸೊಪ್ಪು ಹಾಕುವಾಗಲೂ ಇರಬೇಕು, ಸಂಜೆ ಹಾಕುವಾಗಲೂ ಇರಬೇಕು. ಬಸ್ಸನ್ನು ನಂಬಿದರೆ ಇವಳು ಹೋಗಿ ಇಳಿಯುವ ಹೊತ್ತಿಗೆ ಹುಳುಗಳ ಊಟ ಮುಗಿದಿರುತ್ತದೆ. ಹಾಗೆ ಒಂದು ಬೆಳೆ, ಎಂದರೆ ಮೊಟ್ಟೆಯಿಂದ ಗೂಡಿನವರೆಗಿನ ಒಂದು ಸರದಿ, ಆಗಲೇ ಕೈತಪ್ಪಿತ್ತು. ಕಾಲೇಜಿನಲ್ಲಿ ಒಂದು ಹಳೇ ಕಾರು ಸುಮ್ಮನೆ ನಿಂತಿತ್ತು. ಇಲ್ಲಿನ ಲೈಸೆನ್ಸ್ ತಂದು ತೋರಿಸಿದರೆ ಕೀ ಕೊಡುತ್ತೇವೆ ಎಂದು ಅವಳ ಮೇಷ್ಟ್ರು ಹೇಳಿದ್ದರು. ಮುಂದಿನ ಬೆಳೆಯ ಮೊಟ್ಟೆ ಒಡೆಯುವುದು ಸಂಕ್ರಾಂತಿ ಕಳೆದ ಮೇಲೆ. ಅದೂ ತಪ್ಪಿದರೆ ವೀಸಾ ಮುಗಿಯುತ್ತದೆ, ಓದು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಬೇಕು.

"ಅಕ್ಕ, ಹುಳ ಯಾರಿಗೂ ಕಾಯಲ್ಲ" ಎಂದಳು. ಸಂಕ್ರಾಂತಿಯೊಳಗೆ ಲೈಸೆನ್ಸ್ ಕೊಡಿಸುತ್ತೇನೆ ಎಂದು ನಾನು ಬಾಯಿ ಜಾರಿ ಮಾತು ಕೊಟ್ಟೆ.

ಹೋಬಳಿ ಯಾವುದು?

ಮೊದಲು ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಆಗಬೇಕಲ್ಲ, ಅದಕ್ಕೆ ಕಚೇರಿಗೆ ಹೋದೆವು. ಯಾವ ಕಚೇರಿ ಎಂದು ಹೇಳುವುದಿಲ್ಲ, ನಾನು ನಾಳೆಯೂ ಅಲ್ಲಿಗೇ ಹೋಗಬೇಕು. ಪಾಸ್‌ಪೋರ್ಟು, ವೀಸಾ, ಕಾಲೇಜಿನ ಪತ್ರ ಎಲ್ಲ ಇಟ್ಟೆವು. ಗುಮಾಸ್ತರು ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸ್ವಂತ ಊರು ಯಾವ್ದಮ್ಮ?"

ಅವಳು ಹೇಳಿದಳು.

"ಹೋಬಳಿ?"

ನಾನು ಬಾಯಿ ಹಾಕಿದೆ. "ಸಾರ್, ಅದು ಆಫ್ರಿಕಾ."

"ಆಫ್ರಿಕಾ ಸರಿ ಕಣಮ್ಮ. ಹೋಬಳಿ ಯಾವ್ದು?"

ನನಗೆ ತಲೆಬಿಸಿ ಶುರುವಾಯಿತು. ಅವಳಿಗೆ ಏನೂ ಆಗಲಿಲ್ಲ. ಹಳ್ಳಿ ಹಳ್ಳಿ ಸುತ್ತಿದವಳು, ಹೋಬಳಿ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು. ತಮ್ಮಲ್ಲೂ ಹಳ್ಳಿಗಳು, ನಾಲ್ಕಾರು ಹಳ್ಳಿ ಸೇರಿ ಒಂದು ಗುಂಪು, ಅಂಥ ಗುಂಪುಗಳ ಮೇಲೆ ಇನ್ನೊಂದು, ಅದರ ಮೇಲೆ ಜಿಲ್ಲೆ, ಹೀಗೆ ಒಂದೊಂದರ ಹೆಸರನ್ನೂ ಬಿಡಿಸಿ ಹೇಳಿದಳು. ಗುಮಾಸ್ತರು ಕೈಕಟ್ಟಿಕೊಂಡು ಕೇಳಿದರು. ಯಾವುದನ್ನೂ ಬರೆದುಕೊಳ್ಳಲಿಲ್ಲ. ಆಮೇಲೆ ನೋಡಿದರೆ ಕಂಪ್ಯೂಟರಿನಲ್ಲಿ ಹೋಬಳಿ ಎಂಬ ಕಾಲಮ್ಮೇ ಇರಲಿಲ್ಲ.

"ಮತ್ತೆ ಯಾಕೆ ಸಾರ್ ಕೇಳಿದ್ರಿ?" ಎಂದೆ.

"ಸುಮ್ನೆ, ತಿಳ್ಕೊಳ್ಳೋಣ ಅಂತ. ನನಗ್ಗೊತ್ತಿತ್ತು ಬಿಡಿ, ಹೋಬಳಿ ಇಲ್ದೆ ಯಾವ ದೇಶ ತಾನೇ ನಡೆಯುತ್ತೆ?"

ಸ್ಟೀರಿಂಗ್ ಎಲ್ಲಿ?

ಪಾಠದ ಮೊದಲ ದಿನ. ಅವರ ದೇಶದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಡ್ರೈವರು ಎಡಗಡೆ ಕೂರುತ್ತಾನೆ. ಅವಳು ಅಲ್ಲಿ ನೋಡಿದ ಅಭ್ಯಾಸದಿಂದ ಎಡಗಡೆ ಬಾಗಿಲು ತೆಗೆದು ಹತ್ತಿ ಕೂತುಬಿಟ್ಟಳು. ಬೇರೆ ಕಾರಾಗಿದ್ದರೆ ಆಗಲೇ ತಿಳಿಯುತ್ತಿತ್ತು. ನಮ್ಮದು ಕಲಿಸುವ ಕಾರು, ಆ ಕಡೆಯೂ ನನಗೆಂದು ಒಂದು ಕ್ಲಚ್ಚು, ಒಂದು ಬ್ರೇಕು ಹಾಕಿಸಿದ್ದೇವೆ. ಅವಳ ಕಾಲಿಗೆ ಎರಡೂ ಸಿಕ್ಕವು. ತುಳಿದು ನೋಡಿದಳು, ಸರಿಯಾಗಿಯೇ ಇದ್ದವು.

ನಾನು ಹೊರಗೆ ಯಾರದೋ ಫೋನಿನಲ್ಲಿದ್ದೆ. ಬಂದು ನೋಡಿದರೆ ಬೆಲ್ಟ್ ಹಾಕಿಕೊಂಡು, ಕನ್ನಡಿ ಸರಿಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಶಿಸ್ತಾಗಿ ಕೂತಿದ್ದಾಳೆ.

"ಅಲ್ಲಿ ಯಾಕೆ ಕೂತಿದ್ದೀಯಮ್ಮ?"

"ಪರವಾಗಿಲ್ಲ ಅಕ್ಕ, ಕಾಲಿಂದು ಮೊದ್ಲು ಕಲೀತೀನಿ. ಸ್ಟೀರಿಂಗ್ ಎರಡನೇ ವಾರದಲ್ಲಿ ಕೊಡ್ತೀರಾ?"

ರಾಹುಕಾಲದಲ್ಲಿ ಒಬ್ಬಳೇ

ಮುಂದಕ್ಕೆ ಓಡಿಸುವುದನ್ನು ಚೆನ್ನಾಗಿಯೇ ಕಲಿತಳು. ರಿವರ್ಸ್ ಮಾತ್ರ ಕೈಗೆ ಹತ್ತಲಿಲ್ಲ. ಎರಡು ಕೋಲು ನೆಟ್ಟು ನಡುವೆ ಹಿಂದಕ್ಕೆ ಬಾ ಎಂದರೆ, ಕೋಲು ಕಂಡ ಕೂಡಲೇ ಸ್ಟೀರಿಂಗ್ ಮೇಲೆ ಕೈ ಬಿಗಿದು, ಹೋಗಿ ಅದಕ್ಕೇ ಗುದ್ದುತ್ತಿದ್ದಳು. ಹಾಗೇ ಪರೀಕ್ಷೆಯ ದಿನ ಬಂತು.

ಅದು ಶುಕ್ರವಾರ, ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ನಮ್ಮ ಕಡೆ ಆ ಹೊತ್ತಿನಲ್ಲಿ ಹೊಸ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಮೈದಾನದ ತುಂಬ ಜನ. ಹತ್ತೂವರೆಯಾದದ್ದೇ ಒಬ್ಬನಿಗೆ ಫೋನು ಬಂತು, ಇನ್ನೊಬ್ಬಳಿಗೆ ಬಾಯಾರಿತು, ಉಳಿದವರು ಹುಣಸೆ ಮರದ ಕೆಳಗೆ ಸೇರಿಕೊಂಡರು. ಇನ್ಸ್‌ಪೆಕ್ಟರೂ ಕುರ್ಚಿ ನೆರಳಿಗೆ ಎಳೆಸಿಕೊಂಡು ಟೀ ತರಿಸಿದರು. ನಾನು ವಿಷಯ ಹೇಳುವಷ್ಟರಲ್ಲಿ ನನ್ನ ಶಿಷ್ಯೆ ಅವರ ಮುಂದೆ ಹೋಗಿ ನಿಂತಿದ್ದಳು.

"ಸಾರ್, ಖಾಲಿ ಇದ್ದೀರಲ್ಲ, ನಂದು ಮಾಡ್ಬಿಡಿ."

ಅವರು ಟೀ ನೋಡಿದರು, ವಾಚು ನೋಡಿದರು, ಇವಳನ್ನು ನೋಡಿದರು. ಇಲ್ಲವೆನ್ನಲು ಕಾರಣ ಸಿಗದೆ ಎದ್ದರು. ಅವಳು ಎರಡು ಕೋಲುಗಳಲ್ಲಿ ಒಂದನ್ನೂ ಉಳಿಸಲಿಲ್ಲ. ಫೇಲು.

ಮರದ ಕೆಳಗಿದ್ದವರೆಲ್ಲ ನಮಗೆ ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು. ಸಂಕ್ರಾಂತಿ ಹತ್ತಿರ ಬರುತ್ತಿತ್ತು, ಕೊಟ್ಟ ಮಾತು ನನ್ನದು. ಇನ್ಸ್‌ಪೆಕ್ಟರು ನನ್ನನ್ನು ಪಕ್ಕಕ್ಕೆ ಕರೆದು ನೊಂದುಕೊಂಡು ಹೇಳಿದರು:

"ನೋಡಮ್ಮ, ಇದ್ರಲ್ಲಿ ನನ್ನ ತಪ್ಪಿಲ್ಲ. ನಾನು ನನ್ನ ಪಾಡಿಗೆ ಕೂತಿದ್ದೆ, ಆ ಹುಡುಗೀನೇ ಎಬ್ಬಿಸಿದ್ದು."

ಅಜ್ಜಿಯ ಪಾಠ

ಮೈದಾನದ ಹಿಂದೆ ಒಂದು ಹಳ್ಳಿ ರಸ್ತೆ ಇದೆ. ಮರುದಿನದಿಂದ ಅಲ್ಲಿ ಅಭ್ಯಾಸ ಶುರುಮಾಡಿದೆವು. ಹುರುಳಿ ಕಿತ್ತು ಒಣಗಿಸುವ ಕಾಲ. ರಸ್ತೆಯ ಪಕ್ಕದ ಹೊಲದ ಅಜ್ಜಿಯೊಬ್ಬಳು ಹುರುಳಿ ಗಿಡಗಳನ್ನೆಲ್ಲ ತಂದು ಟಾರಿನ ಮೇಲೆ ಉದ್ದಕ್ಕೂ ಹರಡಿದ್ದಳು. ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡಲಿ ಎಂದು ನಮ್ಮ ಕಡೆ ಹೀಗೆ ಹಾಕುತ್ತಾರೆ. ಕಾನೂನಿಗೆ ವಿರುದ್ಧ, ಆದರೆ ಖರ್ಚಿಲ್ಲ.

ನನ್ನ ಶಿಷ್ಯೆ ಗಕ್ಕನೆ ಬ್ರೇಕು ಹಾಕಿದಳು. ಇಳಿದು ಹೋಗಿ ಗಿಡಗಳನ್ನು ತಬ್ಬಿ ಎತ್ತಿ ಪಕ್ಕಕ್ಕೆ ಇಡತೊಡಗಿದಳು. ಅಜ್ಜಿ ಕವೆಗೋಲು ಹಿಡಿದು ಓಡಿಬಂದಳು.

"ಏಯ್, ಯಾಕಮ್ಮ ಎತ್ತಾಕ್ತೀಯ? ಹತ್ಸು, ಮೇಲೆ ಹತ್ಸು!"

"ಅಯ್ಯೋ ಅಜ್ಜಿ, ಇದು ತಿನ್ನೋದು. ಹೆಂಗೆ ಹತ್ಸಲಿ?"

"ಹತ್ಸಿದ್ರೇನೇ ಕಣಮ್ಮ ತಿನ್ನೋದು!"

ಅವಳು ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಮೆಲ್ಲಗೆ ಹತ್ತಿಸಿದಳು. ಚಕ್ರದ ಕೆಳಗೆ ಕಾಯಿಗಳು ಚಟಪಟ ಒಡೆದವು. ಆ ತುದಿ ತಲುಪಿದೆವೋ ಇಲ್ಲವೋ, ಅಜ್ಜಿ ಹಿಂದಿನಿಂದ ಕೂಗಿದಳು. "ಇಟ್ಲ ರಾಮ್ಮ, ಹಂಗೇ ಹಿಂದಕ್ಕೆ ಬಾ! ಎಡಗಡೆ ಒಂದೂ ಒಡೆದಿಲ್ಲ!"

ತಿರುಗಿಸಲು ಜಾಗವಿಲ್ಲದ ಕಿರಿದಾದ ರಸ್ತೆ. ಅವಳು ರಿವರ್ಸ್ ಹಾಕಿದಳು, ಕತ್ತು ಹೊರಳಿಸಿ ನೋಡಿಕೊಂಡು ಎಡಕ್ಕೆ ಸರಿದು ನೆಟ್ಟಗೆ ಹಿಂದಕ್ಕೆ ಬಂದಳು. ನಾನು ಬ್ರೇಕಿನ ಮೇಲಿಟ್ಟ ಕಾಲು ಒತ್ತಲೇ ಇಲ್ಲ. ಕೋಲಿಗಾದರೆ ಗುದ್ದೀತೆಂಬ ಹೆದರಿಕೆ ಇತ್ತು. ಹುರುಳಿಗೆ ತಾಗದಿದ್ದರೆ ಬೈಗುಳ, ತಾಗಿದರೆ ಶಭಾಸ್. ಕೈ ತಾನಾಗಿ ಸಡಿಲವಾಗಿತ್ತು. ಆ ವಾರವೆಲ್ಲ ನಾವು ಹುರುಳಿ ಒಕ್ಕಿದೆವು. ಒಣಗಿದ ಗಿಡ ಸೈಲೆನ್ಸರಿಗೆ ಸಿಕ್ಕಿ ಬೆಂಕಿ ಹತ್ತೀತೆಂದು ನಾನು ಆಗಾಗ ಇಳಿದು ಬಗ್ಗಿ ಕೀಳುವುದು, ಅಜ್ಜಿ ಗಿಡ ಮಗುಚುವುದು, ಇವಳು ಹಿಂದಕ್ಕೂ ಮುಂದಕ್ಕೂ ಓಡಿಸುವುದು. ಕೊನೆಗೊಂದು ದಿನ ಅಜ್ಜಿ ನಮ್ಮ ಕಾರಿನ ಚಕ್ರಗಳನ್ನು ಅಸಮಾಧಾನದಿಂದ ನೋಡಿ ಕೇಳಿದಳು.

"ಎಲ್ಲಾ ಸರಿ ಕಣಮ್ಮ, ಗಾಡಿ ತೂಕ ಸಾಲ್ದು. ನಿಮ್ ಇಸ್ಕೂಲಲ್ಲಿ ಲಾರಿ ಕಲ್ಸಲ್ವಾ?"

ಎಡಗಡೆ ಉಳಿದೈತೆ

ಎರಡನೇ ಪರೀಕ್ಷೆ. ಸಂಕ್ರಾಂತಿಗೆ ಮುಂಚಿನ ಕೊನೆಯ ಅವಕಾಶ ಇದೇ. ರಾಹುಕಾಲ ನೋಡಿಕೊಂಡೇ ಹೋಗಿದ್ದೆವು. ಮೈದಾನದಲ್ಲಿ ಸ್ಕೂಟರಿನವರು ಎಂಟು ಹಾಕುತ್ತಿದ್ದರು, ಆಚೆ ಕೊನೆಯಲ್ಲಿ ಆ ಎರಡು ಕೋಲುಗಳು ಹೊಸ ಬಣ್ಣ ಬಳಿಸಿಕೊಂಡು ನಿಂತಿದ್ದವು. ಅವನ್ನು ನೋಡಿದ್ದೇ ಇವಳು ಮುಖ ಆಚೆ ತಿರುಗಿಸಿಕೊಂಡಳು. "ಅಕ್ಕ, ಇವತ್ತೂ ಹೋದ್ರೆ ನಾನು ಊರಿಗೆ ಹೋಗ್ತೀನಿ, ಅಷ್ಟೇ" ಎಂದಳು.

ಇನ್ಸ್‌ಪೆಕ್ಟರು ಕಾರಿಗೆ ಹತ್ತಿ ಎಡಗಡೆ ಕೂತರು. ನಾನು ಹಿಂದೆ. "ಮೈದಾನ ಖಾಲಿಯಿಲ್ಲ. ಮೊದ್ಲು ರಸ್ತೆ ಮೇಲೆ ಓಡಿಸಮ್ಮ, ರಿವರ್ಸ್ ಆಮೇಲೆ ನೋಡೋಣ" ಎಂದರು. ಹಿಂದಿನ ರಸ್ತೆಗೆ ತಿರುಗಿದೆವು.

ಪರೀಕ್ಷೆಯ ದಿನ ಗಾಡಿಗಳು ಹೆಚ್ಚು ಎಂದು ಅಜ್ಜಿಗೆ ಗೊತ್ತು. ಉಳಿದ ಹುರುಳಿಯನ್ನೆಲ್ಲ ತಂದು ಸುರಿದಿದ್ದಳು.

ಇವಳು ಅದರ ಮೇಲೆ ಹತ್ತಿಸಿಕೊಂಡು ಹೋದಳು. ತುದಿಯಲ್ಲಿ ನಿಲ್ಲಿಸಿದಳು. ಆಮೇಲೆ, ಯಾರೂ ಹೇಳದೆ ಕೇಳದೆ, ರಿವರ್ಸ್ ಹಾಕಿ, ಕತ್ತು ಹೊರಳಿಸಿ, ಎಡಕ್ಕೆ ಸರಿದು ಹಿಂದಕ್ಕೆ ಬಂದಳು. ಮತ್ತೆ ಮುಂದಕ್ಕೆ ಹೋದಳು. ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡೆ.

"ಏನಮ್ಮ ಮಾಡ್ತಿದ್ದೀಯ?" ಇನ್ಸ್‌ಪೆಕ್ಟರು ಗದರಿದರು. "ರಿವರ್ಸ್ ಯಾರು ಕೇಳಿದ್ರು?"

"ಸಾರ್, ಒಂದ್ನಿಮಿಷ" ಎಂದು ಮತ್ತೆ ಗೇರು ಹಾಕಿದಳು. "ಎಡಗಡೆ ಉಳಿದೈತೆ."

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಚಕ್ರದ ಗುರುತು ನೂಲು ಹಿಡಿದಂತೆ ನೆಟ್ಟಗಿತ್ತು. ಅದನ್ನು ನೋಡಿದರು, ಆಮೇಲೆ ಹುರುಳಿಯನ್ನು ನೋಡಿದರು. ಸಿಟ್ಟು ಆ ಕಡೆ ತಿರುಗಿತು. ಬಾಗಿಲು ತೆಗೆದು ಇಳಿದರು.

"ಯಾರದಿದು? ರಸ್ತೆ ಮೇಲೆ ಒಕ್ಕೋದು ತಪ್ಪು ಅಂತ ಗೊತ್ತಿಲ್ವಾ? ಕೇಸ್ ಹಾಕಿಸ್ತೀನಿ!"

ಅಜ್ಜಿ ಕವೆಗೋಲನ್ನು ನೆಲಕ್ಕೂರಿ ನಿಂತಳು. "ಹಾಕ್ಸಪ್ಪ ಸಾಮಿ, ಹಾಕ್ಸು. ಆದ್ರೆ ಈಗ ಒಕ್ಕಿದ ಗಾಡೀಲಿ ನೀನೇ ಕೂತಿದ್ದೆ."

ಇನ್ಸ್‌ಪೆಕ್ಟರು ರಸ್ತೆಯ ಎರಡೂ ಕಡೆ ನೋಡಿದರು. ಯಾರೂ ಇರಲಿಲ್ಲ. ಬಂದು ಕಾರಿನಲ್ಲಿ ಕೂತು, ಪ್ಯಾಂಟಿಗೆ ಹತ್ತಿದ ಹೊಟ್ಟು ಕೊಡವಿಕೊಂಡರು.

"ರಿವರ್ಸ್ ಆಯ್ತು ಅಂದ್ಕೋ. ಕೋಲಿನ ಹತ್ರ ಹೋಗೋದು ಬೇಡ. ಪಾಸು."

ಅವಳು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಅದರಲ್ಲಿ ಮುಚ್ಚಿಡುವುದೇನಿದೆ? ಸಂಕ್ರಾಂತಿ ಕಳೆದು ಮೊಟ್ಟೆ ಒಡೆದ ದಿನ ಅವಳು ಕಾಲೇಜಿನ ಕಾರಿನಲ್ಲಿ ತಾನೇ ಓಡಿಸಿಕೊಂಡು ಹಳ್ಳಿಗೆ ಹೋದಳು. ಅದು ಆಮೇಲಿನ ಮಾತು. ಅವತ್ತು ನಾವು ಇನ್ನೂ ಹೊರಟಿರಲಿಲ್ಲ, ಅಷ್ಟರಲ್ಲಿ ಅಜ್ಜಿ ಇನ್ಸ್‌ಪೆಕ್ಟರ ಕಿಟಕಿಯ ಮೇಲೆ ಕೈಯಿಟ್ಟು ಬಗ್ಗಿದಳು. ಕೇಸಿನ ವಿಷಯ ಎತ್ತಿ ಕಾಲಿಗೆ ಬೀಳುತ್ತಾಳೇನೋ ಎಂದು ಅವರು ಗತ್ತಿನಿಂದ ಮುಖ ಬಿಗಿದುಕೊಂಡರು.

"ಸಾಮಿ, ಲಾರಿಯವರ ಪರೀಕ್ಷೆ ಯಾವತ್ತು?"

"ಗುರುವಾರ" ಎಂದುಬಿಟ್ಟರು ಇನ್ಸ್‌ಪೆಕ್ಟರು.